ಶ್ರೀ ವ್ಯಾಸರಾಜ ಗುರುಸಾರ್ವಭೌಮರು: ರಾಜ್ಯಕ್ಷೋಭೆಯ ನಡುವೆ ಚದುರದ ಸತ್ಸಭೆ

ಪ್ರತಿ ಸಂವತ್ಸರವೂ ಫಾಲ್ಗುಣ ಬಹುಳ ಚತುರ್ಥಿಯಂದು ಆನೆಗೊಂದಿಯ ನವವೃಂದಾವನ ಕ್ಷೇತ್ರದಲ್ಲಿ ಚಂದ್ರಿಕಾಚಾರ್ಯರೆಂದು ಪ್ರಖ್ಯಾತರಾದ ಶ್ರೀ ವ್ಯಾಸರಾಜ ಗುರುಸಾರ್ವಭೌಮರ ಆರಾಧನಾ ಮಹೋತ್ಸವವು ಜರುಗುವುದು ಆಸ್ತಿಕ ಮಹಾಶಯರೆಲ್ಲರಿಗೂ ವಿದಿತವಾದ ವಿಷಯವೇ ಆಗಿದೆ. ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಮೊದಲಾದ ತೀರಗ್ರಾಮಗಳನ್ನು ಸೋಕಿ, ಹಡಗಲಿ ಸೀಮೆಯನ್ನು ಬಳಸಿ ಮುಂದೆ ಸಾಗುವ ತುಂಗಭದ್ರೆಯೇ ಹಂಪೆಯನ್ನು ದಾಟಿ ಆ ನಡುಗಡ್ಡೆಯನ್ನು ಎರಡೂ ಕಡೆಗಳಿಂದ ಅಪ್ಪಿಕೊಂಡು ಹರಿಯುತ್ತಾಳೆ. ಆದುದರಿಂದ ನಮ್ಮ ಸೀಮೆಯ ಮಾಧ್ವ ಕುಟುಂಬಗಳಿಗೆ ಈ ಮಹನೀಯರು ದೂರದವರಲ್ಲ. ನಾವು ಸಂಧ್ಯಾವಂದನೆಗೆ ಎತ್ತಿಕೊಳ್ಳುವ ನೀರೇ ಅವರ ವೃಂದಾವನದ ಸನ್ನಿಧಿಗೆ ಹೋಗಿ ಸೇರುತ್ತದೆ.

ಅವರ ಮಹಿಮೆಗಳನ್ನು ಪ್ರವಚನಗಳಲ್ಲಿ ವಿದ್ವಾಂಸರು ಬಾರಿಬಾರಿಗೂ ನಿರೂಪಿಸುತ್ತಾರೆ. ಅವರು ಬಾಳಿದ ಕಾಲ ಎಂತಹುದು ಎಂಬ ಕಡೆಗೆ ಮಾತ್ರ ನಮ್ಮ ದೃಷ್ಟಿ ಹೋಗುವುದು ಕಡಿಮೆ. ವಿಜಯನಗರವೆಂದೊಡನೆ ಬೀದಿಯಲ್ಲಿ ಮುತ್ತುರತ್ನಗಳನ್ನು ಅಳೆದು ಮಾರುತ್ತಿದ್ದ ವೈಭವವೊಂದೇ ಮನಸ್ಸಿಗೆ ಬರುವುದು ವಾಡಿಕೆಯಾಗಿಬಿಟ್ಟಿದೆ. ವಾಸ್ತವವಾಗಿ ಶ್ರೀಪಾದಂಗಳವರು ತಮ್ಮ ಜೀವಮಾನದಲ್ಲಿ ಮೂರು ರಾಜವಂಶಗಳನ್ನು ಕಂಡರು. ಒಂದು ವಂಶವನ್ನು ಅಳಿಸಿ ಇನ್ನೊಂದು ಸಿಂಹಾಸನವೇರಿದ್ದನ್ನು ಒಮ್ಮೆಯಲ್ಲ, ಎರಡು ಬಾರಿ ಕಂಡರು. ಅಂತಹ ಕಾಲದಲ್ಲಿ ಅವರ ಮಠದ ಸಭೆಯು ಹೇಗೆ ಒಡೆಯದೆ ಉಳಿಯಿತು ಎಂಬುದನ್ನು ಈ ಲೇಖನದಲ್ಲಿ ಮುಖ್ಯವಾಗಿ ವಿವೇಚಿಸಲಾಗಿದೆ.

ಶ್ರೀಗಳವರ ಅವತಾರವಾದದ್ದು 15ನೆಯ ಶತಮಾನದ ಮಧ್ಯಭಾಗದಲ್ಲಿ, ಕಾವೇರಿ ತೀರಕ್ಕೆ ಸಮೀಪದ ಬನ್ನೂರಿನಲ್ಲಿ. ಪೂರ್ವಾಶ್ರಮದ ಹೆಸರು ಯತಿರಾಜ. ಅಬ್ಬೂರಿನ ಶ್ರೀ ಬ್ರಹ್ಮಣ್ಯತೀರ್ಥರ ಅನುಗ್ರಹದಿಂದ ಜನಿಸಿದ ಈ ಬಾಲಕನನ್ನು ತಂದೆತಾಯಿಗಳು ಅವರಿಗೇ ಒಪ್ಪಿಸಿದರು. ಆಶ್ರಮಸ್ವೀಕಾರವಾದ ಮೇಲೆ ವ್ಯಾಸತೀರ್ಥರೆಂಬ ನಾಮಾಂಕಿತವಾಯಿತು. ಗುರುಗಳು ವೃಂದಾವನಸ್ಥರಾದ ಬಳಿಕ ಅವರು ಕಂಚಿಗೆ ಹೋಗಿ ಅಲ್ಲಿ ಇತರ ದರ್ಶನಗಳ ಗ್ರಂಥಗಳನ್ನು ಆಯಾ ದರ್ಶನಗಳ ಪಂಡಿತರಿಂದಲೇ ಅಭ್ಯಾಸಮಾಡಿದರು. ಮುಂದೆ ಮುಳುಬಾಗಿಲಿನಲ್ಲಿ ಶ್ರೀಪಾದರಾಜರ ಸನ್ನಿಧಿಯಲ್ಲಿ ಬಹುಕಾಲ ವಿದ್ಯಾಭ್ಯಾಸವಾಯಿತು. ಶ್ರೀಪಾದರಾಜರು ಸಂಸ್ಕೃತದಲ್ಲಿ ಉದ್ದಾಮ ಪಂಡಿತರು. ಆದರೂ ರಂಗವಿಠಲ ಎಂಬ ಅಂಕಿತದಿಂದ ಕನ್ನಡದಲ್ಲಿ ಹಾಡುಗಳನ್ನು ರಚಿಸಿ, ಮಠದ ಪೂಜಾಕಾಲದಲ್ಲಿಯೇ ಅವುಗಳಿಗೆ ಸ್ಥಾನವನ್ನು ಕಲ್ಪಿಸಿದವರು. ಮುಂದೆ ಹಂಪೆಯಲ್ಲಿ ಬೆಳೆದ ದೊಡ್ಡ ವೃಕ್ಷದ ಬೀಜ ಬಿದ್ದದ್ದು ಮುಳುಬಾಗಿಲಿನ ಆ ನರಸಿಂಹತೀರ್ಥದ ಬಳಿಯಲ್ಲಿಯೇ ಎಂದು ಹೇಳಬಹುದು.

ಶ್ರೀಪಾದರಾಜರ ಆಜ್ಞೆಯಂತೆ ವ್ಯಾಸತೀರ್ಥರು ಚಂದ್ರಗಿರಿಯಲ್ಲಿದ್ದ ಸಾಳುವ ನರಸಿಂಹನ ಆಸ್ಥಾನಕ್ಕೆ ದಯಮಾಡಿಸಿದರು. ಆ ವೇಳೆಗೆ ರಾಜಧಾನಿಯ ಪರಿಸ್ಥಿತಿ ಶೋಚನೀಯವಾಗಿತ್ತು. ಸಂಗಮ ವಂಶದ ಎರಡನೆಯ ವಿರೂಪಾಕ್ಷನ ದುರ್ಬಲ ಆಳ್ವಿಕೆಯಲ್ಲಿ ಪಶ್ಚಿಮದ ಬಂದರುಗಳು ಕೈಬಿಟ್ಟುಹೋಗಿದ್ದವು. ಕೊನೆಗೆ ಆತನನ್ನು ಆತನ ಮಗನೇ ಕೊಲ್ಲಿಸಿದನು. 1485ರಲ್ಲಿ ಸಾಳುವ ನರಸಿಂಹನು ಸಿಂಹಾಸನವನ್ನು ವಶಪಡಿಸಿಕೊಂಡನು. ಆರು ವರ್ಷಗಳಲ್ಲಿಯೇ, ಅಂದರೆ 1491ರಲ್ಲಿ, ಆತನೂ ಕಾಲವಶನಾದನು. ಚಿಕ್ಕ ವಯಸ್ಸಿನ ಮಕ್ಕಳಿಬ್ಬರ ಹೊಣೆ ದಂಡನಾಯಕನಾದ ತುಳುವ ನರಸನಾಯಕನ ಪಾಲಿಗೆ ಬಂದಿತು. ಹಿರಿಯ ಕುಮಾರನು ಕೊಲೆಗೀಡಾದನು. ಕಿರಿಯವನು ಹೆಸರಿಗೆ ಮಾತ್ರ ರಾಜನಾಗಿದ್ದು, 1505ರಲ್ಲಿ ಅವನೂ ಕೊಲೆಯಾದನು. ನರಸನಾಯಕನ ಪುತ್ರ ವೀರನರಸಿಂಹನು ಪಟ್ಟವೇರಿದನು. ಆಗ ಉಮ್ಮತ್ತೂರು ಮೊದಲಾಗಿ ನಾನಾ ಕಡೆಗಳ ಪಾಳೆಯಗಾರರು ತಿರುಗಿಬಿದ್ದರು. ಯಾರನ್ನು ಪ್ರಭುವೆಂದು ಒಪ್ಪುವುದು, ಯಾರಿಗೆ ಕಂದಾಯವನ್ನು ಕಟ್ಟುವುದು ಎಂಬುದೇ ಊರೂರಿನ ಜಗಳವಾಗಿದ್ದ ದಿನಗಳವು.

ತಿರುಪತಿಯ ವಿಷಯವಾಗಿ ಈ ಅವಧಿಗೆ ಸೇರಿದ ಒಂದು ಐತಿಹ್ಯವುಂಟು. ಅರ್ಚಕ ಕುಟುಂಬದವರ ಮೇಲೆ ರಾಜಕೋಪವುಂಟಾಗಿ, ಶ್ರೀನಿವಾಸನ ಪೂಜೆಯೇ ನಿಲ್ಲುವಂತಹ ಸಂದರ್ಭ ಒದಗಿದಾಗ ವ್ಯಾಸತೀರ್ಥರು ಹನ್ನೆರಡು ವರ್ಷಗಳ ಕಾಲ ತಾವೇ ನಿಂತು ಪೂಜೆಯನ್ನು ನಡೆಸಿದರೆಂದೂ, ಆ ವಂಶದಲ್ಲಿ ಉಳಿದ ಬಾಲಕನೊಬ್ಬನು ಪ್ರಾಪ್ತವಯಸ್ಕನಾದೊಡನೆ ಆ ಅಧಿಕಾರವನ್ನು ಅವನಿಗೇ ಹಿಂದಿರುಗಿಸಿ ಬೆಟ್ಟವನ್ನಿಳಿದರೆಂದೂ ಹಿರಿಯರು ಹೇಳುತ್ತಾರೆ. ಹನ್ನೆರಡು ವರ್ಷಗಳ ಪೂಜೆಯನ್ನು ಎಲ್ಲರೂ ಕೊಂಡಾಡುತ್ತಾರೆ. ಕೈಗೆ ಬಂದದ್ದನ್ನು ಹಕ್ಕುದಾರನಿಗೆ ಮರಳಿಸಿದ ಎರಡನೆಯ ಭಾಗವೇ ನಮಗೆ ಹೆಚ್ಚು ದೊಡ್ಡದಾಗಿ ತೋರುತ್ತದೆ. ಅನಾಥ ಬಾಲಕರ ಹೆಸರಿನಲ್ಲಿ ರಾಜ್ಯವನ್ನು ನೋಡಿಕೊಳ್ಳಲು ನಿಂತವರು ರಾಜ್ಯವನ್ನೇ ನುಂಗಿದ ಕಾಲದಲ್ಲಿ, ಅದೇ ಸೀಮೆಯ ಬೆಟ್ಟವೊಂದರ ಮೇಲೆ ಇಂತಹ ಹಸ್ತಾಂತರ ನಡೆಯಿತೆಂದು ಜನರು ನೆನಪಿನಲ್ಲಿಟ್ಟುಕೊಂಡು ಬಂದಿದ್ದಾರೆ.

ಶ್ರೀಗಳವರ ಚರಿತ್ರೆಗೆ ಮುಖ್ಯ ಆಧಾರವಾದ ವ್ಯಾಸಯೋಗಿಚರಿತವು ಅವರ ಸಮಕಾಲೀನನಾದ ಸೋಮನಾಥ ಕವಿಯು ರಚಿಸಿದ ಸಂಸ್ಕೃತ ಚಂಪೂಗ್ರಂಥ. ಇದನ್ನು ಬಿ. ವೆಂಕೋಬರಾಯರು 1926ರಲ್ಲಿ ಪ್ರಕಟಪಡಿಸಿದರು. ಸೋಮನಾಥನು ಸ್ಮಾರ್ತ ಸಂಪ್ರದಾಯದವನೆಂದು ವಿದ್ವಾಂಸರ ಅಭಿಪ್ರಾಯ. ಅದ್ವೈತವನ್ನು ಅಷ್ಟು ಕಟುವಾಗಿ ವಿಮರ್ಶಿಸಿದ ಯತಿಗಳ ಚರಿತ್ರೆಯನ್ನು ಅನ್ಯಸಂಪ್ರದಾಯದ ಕವಿಯೊಬ್ಬನು ಪ್ರೀತಿಯಿಂದ ಬರೆದನೆಂಬುದು ಆ ಸಭೆಯ ಬಾಗಿಲು ಎಷ್ಟು ಅಗಲವಾಗಿತ್ತೆಂಬುದಕ್ಕೆ ಸಾಕ್ಷಿಯಾಗಿದೆ. ಸಾಳುವ ನರಸಿಂಹನಿಂದ ಗೌರವವನ್ನು ಪಡೆದ ಈ ಯತಿಗಳನ್ನೇ, ಆ ವಂಶವನ್ನು ಪದಚ್ಯುತಗೊಳಿಸಿದ ತುಳುವರೂ ರಾಜಧಾನಿಗೆ ಬರಮಾಡಿಕೊಂಡು ಪೂಜಿಸಿದರು. ಹಳೆಯ ಪ್ರಭುವಿನ ಗುರುವೆಂದು ಹೊಸ ಪ್ರಭುವು ಶಂಕಿಸಲಿಲ್ಲ; ಹೊಸಬರ ಕಡೆ ಸೇರಿದರೆಂದು ಹಳಬರು ದೂರಲಿಲ್ಲ. ರಾಜರುಗಳು ಗುರುಮನೆಗೆ ಬರುತ್ತಿದ್ದದ್ದು ಕೇವಲ ಭಕ್ತಿಯಿಂದಲೇ ಎಂದು ಭಾವಿಸಬೇಕಾಗಿಲ್ಲ. ಹೊಸದಾಗಿ ಗದ್ದುಗೆಯೇರಿದವನಿಗೆ ಸರ್ವಮಾನ್ಯರಾದ ಯತಿಗಳ ಆಶೀರ್ವಾದವು ದೊಡ್ಡ ಬಲ. ಅದನ್ನು ತಿಳಿದೂ ಶ್ರೀಗಳವರು ಯಾರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲಿಲ್ಲ.

1509ರಲ್ಲಿ ಶ್ರೀಕೃಷ್ಣದೇವರಾಯನು ಪಟ್ಟಕ್ಕೆ ಬಂದ ಮೇಲೆ ಇಪ್ಪತ್ತು ವರ್ಷಗಳ ಒಂದು ನೆಲೆ ದೊರೆಯಿತು. ರಾಯನಿಗೆ ಕುಹಯೋಗವು ಸಂಭವಿಸಿದಾಗ ಶ್ರೀಗಳವರು ಆ ದುರ್ಮುಹೂರ್ತದಲ್ಲಿ ತಾವೇ ಸಿಂಹಾಸನದಲ್ಲಿ ಮಂಡಿಸಿ ಗಂಡಾಂತರವನ್ನು ಪರಿಹರಿಸಿದರೆಂದೂ, ಮುಹೂರ್ತವು ಕಳೆದೊಡನೆ ಎದ್ದು ಆಶ್ರಮಕ್ಕೆ ನಡೆದರೆಂದೂ, ವ್ಯಾಸತೀರ್ಥರು ವ್ಯಾಸರಾಜರಾದದ್ದು ಅಂದಿನಿಂದಲೇ ಎಂದೂ ಸಂಪ್ರದಾಯದ ಕಥೆ. ಬಾಲ್ಯದಿಂದ ಕೇಳಿದ ಕಥೆಯಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಒಂದು ಗದ್ದುಗೆಗಾಗಿ ಎಳೆಯ ಅರಸುಕುಮಾರರ ರಕ್ತ ಹರಿದ ಊರಿನಲ್ಲಿ, ಅದರ ಮೇಲೆ ಕುಳಿತು ತಾನಾಗಿಯೇ ಇಳಿದುಬಂದವರು ಒಬ್ಬ ಸಂನ್ಯಾಸಿಗಳು ಎಂಬುದನ್ನು ಮಾತ್ರ ಗಮನಿಸಬೇಕು.

ರಾಯನ ಕಾಲದ ಅನುಗ್ರಹಗಳು ಶಾಸನಗಳಲ್ಲಿಯೂ ಗ್ರಂಥಗಳಲ್ಲಿಯೂ ಉಲ್ಲೇಖಗೊಂಡಿವೆ. ಕಳಿಂಗ ದೇಶದಿಂದ ಬಂದ ವಾದಗ್ರಂಥವೊಂದನ್ನು ಶ್ರೀಗಳವರು ಖಂಡಿಸಿದಾಗ ರಾಯನು ಅವರಿಗೆ ರತ್ನಾಭಿಷೇಕವನ್ನು ಮಾಡಿದನೆಂದೂ, ಶ್ರೀಗಳವರು ಆ ರತ್ನಗಳನ್ನು ಅಲ್ಲಿಯೇ ಹಂಚಿಬಿಟ್ಟರೆಂದೂ ತಿಳಿದುಬರುತ್ತದೆ. ಬೆಟ್ಟಕೊಂಡವೆಂಬ ಗ್ರಾಮವನ್ನು ರಾಯನು ದಾನವಾಗಿ ಕೊಟ್ಟನು. ಅಲ್ಲಿ ವ್ಯಾಸಸಮುದ್ರವೆಂಬ ದೊಡ್ಡ ಕೆರೆಯಾಯಿತು. ಇಂದಿನ ಆಂಧ್ರಪ್ರದೇಶದ ಚಿತ್ತೂರು ಸೀಮೆಯಲ್ಲಿ ಆ ಹೆಸರು ಈಗಲೂ ಉಳಿದಿದೆ. ಮಳೆಯನ್ನೇ ನಂಬಿದ ಕೂಡ್ಲಿಗಿ, ಕೊಟ್ಟೂರುಗಳ ಜನರಿಗೆ ಕೆರೆಯ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ರಾಯನು ಉದಯಗಿರಿಯಿಂದ ತಂದ ಬಾಲಕೃಷ್ಣಮೂರ್ತಿಗೆ ಹಂಪೆಯಲ್ಲಿ ದೇವಾಲಯವನ್ನು ಕಟ್ಟಿಸಿ 1515ರಲ್ಲಿ ಪ್ರತಿಷ್ಠಾಪಿಸಿದನು. ಶ್ರೀಗಳವರ ಕನ್ನಡ ಕೀರ್ತನೆಗಳ ಅಂಕಿತವೂ ಶ್ರೀಕೃಷ್ಣ ಎಂದೇ ಇರುವುದು ಸರ್ವವಿದಿತ.

ಇನ್ನು ಸಭೆಯ ವಿಷಯ. ಅದರ ಒಂದು ಮಗ್ಗುಲು ವಿದ್ಯಾಪೀಠ. ನ್ಯಾಯಾಮೃತ, ತರ್ಕತಾಂಡವ, ತಾತ್ಪರ್ಯಚಂದ್ರಿಕಾ ಎಂಬ ವ್ಯಾಸತ್ರಯವು ಆ ಪಾಠಶಾಲೆಯ ಉಸಿರಾಟದಿಂದ ಹುಟ್ಟಿದ್ದು. ನ್ಯಾಯಾಮೃತದಲ್ಲಿ ಪ್ರಪಂಚವು ಮಿಥ್ಯೆಯೆಂಬ ವಾದವನ್ನು ಶ್ರೀಗಳವರು ಎದುರಿಸುವ ಕ್ರಮವನ್ನು ಗಮನಿಸಬೇಕು. ಪ್ರತಿಪಕ್ಷವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಮೊದಲು ಮಂಡಿಸಿ, ಅದರ ಒಂದೊಂದು ನಿರ್ವಚನವನ್ನೂ ಬೇರೆಬೇರೆಯಾಗಿ ಎತ್ತಿಕೊಂಡು, ಅನಂತರವೇ ದೋಷವನ್ನು ತೋರಿಸುತ್ತಾರೆ. ಚಂದ್ರಿಕೆಯಲ್ಲಿಯೂ ಬ್ರಹ್ಮಸೂತ್ರದ ಅಧಿಕರಣಗಳಿಗೆ ಶಾಂಕರ, ರಾಮಾನುಜ ಸಂಪ್ರದಾಯಗಳ ವ್ಯಾಖ್ಯಾನಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿದ್ದಾರೆ. ಆ ಗ್ರಂಥವು ಸೂತ್ರಗಳ ಎರಡನೆಯ ಅಧ್ಯಾಯದವರೆಗೆ ಮಾತ್ರ ನಡೆದಿದ್ದು, ಮುಂದೆ ಅದೇ ಪರಂಪರೆಯ ಶ್ರೀ ರಘುನಾಥತೀರ್ಥರು ಉಳಿದ ಭಾಗವನ್ನು ಪೂರ್ಣಗೊಳಿಸಿ ಶೇಷಚಂದ್ರಿಕಾಚಾರ್ಯರೆನಿಸಿದರು. ನ್ಯಾಯಾಮೃತಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನು ಬರೆದರು. ಅದಕ್ಕೆ ಮಾಧ್ವರಿಂದ ಮತ್ತೆ ಉತ್ತರಗಳು ಬಂದವು. ಮತಭೇದವು ಇಲ್ಲಿ ಒಂದಿಷ್ಟೂ ಮೃದುವಾಗಲಿಲ್ಲ. ಆದರೆ ಅದು ಓಲೆಗರಿಯ ಮೇಲೆ ನಡೆಯಿತು. ಕತ್ತಿಯ ಮೇಲೆ ಹೋಗಲಿಲ್ಲ. ಎದುರಾಳಿಯ ಗ್ರಂಥವನ್ನು ಪೂರ್ತಿಯಾಗಿ ಓದದೆ ಖಂಡಿಸಲು ಹೊರಡುವವರು ಈ ಕಾಲದಲ್ಲಿ ಹೆಚ್ಚಾಗಿರುವುದರಿಂದ ಈ ಮಾತನ್ನು ಎತ್ತಬೇಕಾಯಿತು.

ಸಭೆಯ ಇನ್ನೊಂದು ಮಗ್ಗುಲು ದಾಸಕೂಟ. ಕಾಲಿಗೆ ಗೆಜ್ಜೆಯನ್ನು ಕಟ್ಟಿ, ಕೈಯಲ್ಲಿ ತಂಬೂರಿಯನ್ನು ಹಿಡಿದು, ಗೋಪಾಳ ಬುಟ್ಟಿಯೊಡನೆ ಮನೆಮನೆಗೆ ಹೋಗುವವರಿಗೆ ಮಠದ ಜಗಲಿಯ ಮೇಲೆ ಸ್ಥಾನವೆಲ್ಲಿ ಎಂದು ಕೇಳುವ ಪಂಡಿತರು ಆಗಲೂ ಇದ್ದರು. ವ್ಯಾಸಕೂಟ, ದಾಸಕೂಟ ಎಂಬ ಮಾತುಗಳೇ ಒಳಗೊಳಗಿನ ಬಿರುಕನ್ನು ಸೂಚಿಸುತ್ತವೆ. ಈ ಬಿರುಕು ಹೊರಗಿನ ರಾಜಕೀಯ ಬಿರುಕಿಗಿಂತ ಅಪಾಯಕರವಾದದ್ದೆಂದು ನಮ್ಮ ಅಭಿಪ್ರಾಯ. ಅರಸರು ಬದಲಾದರೆ ಮಠವು ಒಂದು ದಾನಪತ್ರವನ್ನು ಕಳೆದುಕೊಳ್ಳಬಹುದು. ಸಂಸ್ಕೃತ ಬಲ್ಲವರು ಬಲ್ಲದವರನ್ನು ಹೊರಗೆ ನಿಲ್ಲಿಸಿದರೆ ಮಠವು ತನ್ನ ಜನರನ್ನೇ ಕಳೆದುಕೊಳ್ಳುತ್ತದೆ.

ಶ್ರೀಗಳವರು ಇದನ್ನು ಹೇಗೆ ನಿವಾರಿಸಿದರೆಂಬುದಕ್ಕೆ ಪುರಂದರ, ಕನಕರ ಚರಿತ್ರೆಗಳೇ ನಿದರ್ಶನ. ನವಕೋಟಿ ನಾರಾಯಣನೆನಿಸಿದ್ದ ವರ್ತಕನು ಸರ್ವಸ್ವವನ್ನೂ ತ್ಯಜಿಸಿ ಹೆಂಡತಿ ಮಕ್ಕಳೊಡನೆ ಹಂಪೆಗೆ ಬಂದಾಗ, ಶ್ರೀಗಳವರು ಪುರಂದರವಿಠಲನೆಂಬ ಅಂಕಿತವನ್ನಿತ್ತು ದಾಸದೀಕ್ಷೆಯನ್ನು ಅನುಗ್ರಹಿಸಿದರು. ತಮ್ಮ ಶಿಷ್ಯನ ಕನ್ನಡ ಪದಗಳನ್ನು ಗುರುಗಳೇ ಮೆಚ್ಚಿ, ಅವುಗಳಿಗೆ ಉಪನಿಷತ್ತಿನ ಗೌರವವನ್ನು ಕೊಟ್ಟು, ಶಿಷ್ಯನನ್ನೇ ಹೊಗಳಿ ಪದವನ್ನು ರಚಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಗುರುವು ಶಿಷ್ಯನನ್ನು ಸಭೆಯಲ್ಲಿ ಹಾಗೆ ಎತ್ತಿ ಹಿಡಿದ ಮೇಲೆ ಮಿಕ್ಕವರಿಗೆ ಮಾತನಾಡಲು ಏನು ಉಳಿಯಿತು?

ಕನಕದಾಸರ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ನಮ್ಮ ನದಿಯ ಆಚೆಯ ದಡಕ್ಕೆ ಸೇರಿದ ಇಂದಿನ ಹಾವೇರಿ ಜಿಲ್ಲೆಯ ಬಾಡ, ಕಾಗಿನೆಲೆಗಳ ಕಡೆಯವರು. ಕುರುಬ ಕುಲದಲ್ಲಿ ಹುಟ್ಟಿದವರು. ಯುದ್ಧವನ್ನು ಕಂಡ ನಾಯಕರು. ಅವರನ್ನು ಶ್ರೀಗಳವರು ಆದರಿಸಿದ್ದು ಅನೇಕ ಶಿಷ್ಯರಿಗೆ ಸರಿಬರಲಿಲ್ಲ. ಆಗ ಶ್ರೀಗಳವರು ವಾದಕ್ಕಿಳಿಯಲಿಲ್ಲ. ಏಕಾದಶಿಯ ಮರುದಿನವೋ ಮತ್ತೆಂದೋ, ಎಲ್ಲ ಶಿಷ್ಯರಿಗೂ ಒಂದೊಂದು ಬಾಳೆಯ ಹಣ್ಣನ್ನು ಕೊಟ್ಟು, ಯಾರೂ ಇಲ್ಲದ ಸ್ಥಳದಲ್ಲಿ ತಿಂದು ಬರಬೇಕೆಂದು ಅಪ್ಪಣೆಮಾಡಿದರಂತೆ. ಒಬ್ಬರು ಕದದ ಹಿಂದೆ, ಒಬ್ಬರು ಮರದ ಮರೆಯಲ್ಲಿ ತಿಂದು ಬಂದರು. ಕನಕರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದು, ಭಗವಂತನಿಲ್ಲದ ಸ್ಥಳವು ತಮಗೆ ಸಿಕ್ಕಲಿಲ್ಲವೆಂದು ವಿಜ್ಞಾಪಿಸಿದರು. ಕಥೆಯು ಮನೆಮನೆಯ ಮಕ್ಕಳಿಗೂ ಗೊತ್ತು. ಆದರೆ ಶ್ರೀಗಳವರು ಆಕ್ಷೇಪಿಸಿದ ಶಿಷ್ಯರನ್ನು ಗದರಿಸಿ ಹೊರಗಟ್ಟಲಿಲ್ಲವೆಂಬುದನ್ನು ಹೇಳುವವರು ಕಡಿಮೆ. ಅವರೂ ಅದೇ ಸಭೆಯಲ್ಲಿ ಉಳಿದರು, ಅದೇ ಪಂಕ್ತಿಯಲ್ಲಿ ತೀರ್ಥವನ್ನು ಸ್ವೀಕರಿಸಿದರು, ಕನಕರನ್ನು ನೋಡಿ ಕಲಿತರು. ರಾಗಿಗೂ ಭತ್ತಕ್ಕೂ ಹುಟ್ಟಿದ ಹಿರಿಮೆಯ ಜಗಳವನ್ನು ಶ್ರೀರಾಮನ ಸನ್ನಿಧಿಯಲ್ಲಿ ತೀರಿಸುವ ರಾಮಧಾನ್ಯಚರಿತೆಯನ್ನು ಕನಕದಾಸರು ಬರೆದದ್ದನ್ನು ಇಲ್ಲಿ ಸ್ಮರಿಸಬಹುದು. ಆ ಅನುಭವವು ಅವರಿಗೆ ಬರೀ ಕಾವ್ಯದ ವಸ್ತುವಾಗಿರಲಿಲ್ಲ.

ಮಠಮಠಗಳ ನಡುವಣ ಸಂಬಂಧದಲ್ಲಿಯೂ ಶ್ರೀಗಳವರ ನಡೆ ಇದೇ ರೀತಿಯದು. ಅವರ ಪಾಠದಲ್ಲಿ ಬೆಳೆದ ಅತ್ಯುತ್ತಮ ಶಿಷ್ಯರಲ್ಲಿ ಒಬ್ಬರನ್ನು ಶ್ರೀ ಸುರೇಂದ್ರತೀರ್ಥರು ತಮ್ಮ ಸಂಸ್ಥಾನಕ್ಕೆ ಉತ್ತರಾಧಿಕಾರಿಯಾಗಿ ಬೇಡಿದರು. ಕಣ್ಣಿನಂತಿದ್ದ ಶಿಷ್ಯನನ್ನು ಶ್ರೀಗಳವರು ಸಂತೋಷದಿಂದ ಒಪ್ಪಿಸಿದರು. ಅವರೇ ಕುಂಭಕೋಣವನ್ನು ನೆಲೆಯಾಗಿಸಿಕೊಂಡು ಅಸಂಖ್ಯ ಗ್ರಂಥಗಳನ್ನು ರಚಿಸಿದ ಶ್ರೀ ವಿಜಯೀಂದ್ರತೀರ್ಥರು. ಅವರಿಂದ ಶ್ರೀ ಸುಧೀಂದ್ರತೀರ್ಥರು, ಅವರಿಂದ ಮಂತ್ರಾಲಯದ ಶ್ರೀ ರಾಘವೇಂದ್ರತೀರ್ಥರು. ಶಿಷ್ಯನನ್ನು ತಮ್ಮಲ್ಲಿಯೇ ಉಳಿಸಿಕೊಂಡಿದ್ದರೆ ಈ ಪರಂಪರೆಯ ಗತಿ ಏನಾಗುತ್ತಿತ್ತೆಂದು ಊಹಿಸುವುದು ವ್ಯರ್ಥ. ಕೊಟ್ಟದ್ದರಿಂದ ಏನಾಯಿತೆಂಬುದು ಗುರುವಾರ ಗುರುವಾರ ಮಠಗಳ ಮುಂದೆ ನಿಲ್ಲುವ ಜನಸಂದಣಿಗೇ ಗೊತ್ತು. ಸೋದೆಯ ಶ್ರೀ ವಾದಿರಾಜತೀರ್ಥರೂ ಇದೇ ಪಾಠದಲ್ಲಿ ಕುಳಿತವರು. ಉಡುಪಿಯಲ್ಲಿ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪರ್ಯಾಯವನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಅಷ್ಟಮಠಗಳಿಗೂ ಪೂಜೆಯ ಸಮಪಾಲು ನೆಮ್ಮದಿಯಿಂದ ದೊರೆಯುವಂತೆ ಮಾಡಿದ ವ್ಯವಸ್ಥಾಪಕರು ಅವರು.

ಹಂಪೆಯ ಚಕ್ರತೀರ್ಥದ ಬಳಿಯ ಯಂತ್ರೋದ್ಧಾರಕ ಪ್ರಾಣದೇವರ ದರ್ಶನವನ್ನು ಮಾಡದವರು ನಮ್ಮಲ್ಲಿ ವಿರಳ. ಶ್ರೀಗಳವರು ಬಂಡೆಯ ಮೇಲೆ ಇದ್ದಲಿನಿಂದ ಬರೆದ ಚಿತ್ರವು ದಿನದಿನವೂ ವಾನರರೂಪವನ್ನು ತಾಳಿ ಹಾರಿಹೋಗುತ್ತಿತ್ತೆಂದೂ, ಕೊನೆಗೆ ಯಂತ್ರವನ್ನು ಬರೆದು ಸ್ಥಿರಗೊಳಿಸಿದರೆಂದೂ ಸ್ಥಳಪುರಾಣ. ಅವರು 732 ಪ್ರಾಣದೇವರನ್ನು ಪ್ರತಿಷ್ಠಾಪಿಸಿದರೆಂದು ಸಂಪ್ರದಾಯದ ಎಣಿಕೆ. ಎಣಿಕೆ ಹೇಗಾದರೂ ಇರಲಿ, ಇದರ ಫಲವನ್ನು ಗಮನಿಸಬೇಕು. ಹನುಮಂತನ ಗುಡಿಯು ಒಂದು ಮತದ ಸೊತ್ತಾಗಿ ಉಳಿಯಲಿಲ್ಲ. ಗೌಡರು, ಕುರುಬರು, ನಾಯಕರು, ಬ್ರಾಹ್ಮಣರು ಎಲ್ಲರೂ ಊರಬಾಗಿಲಿನ ಒಂದೇ ಗುಡಿಯ ಮುಂದೆ ಶನಿವಾರದ ದಿನ ನಿಲ್ಲುವಂತಾಯಿತು. ರಾಜಧಾನಿಯಲ್ಲಿ ಯಾರ ಪಕ್ಷವು ಗೆದ್ದರೂ ಊರಿನ ಆ ಗುಡಿಯಲ್ಲಿ ಮರುದಿನ ಬೆಳಿಗ್ಗೆ ಎಣ್ಣೆಯ ದೀಪವು ಉರಿಯಲೇಬೇಕಾಗಿತ್ತು.

ಶ್ರೀಗಳವರ ಕೊನೆಯ ಹತ್ತು ವರ್ಷಗಳಲ್ಲಿ ಕ್ಷೋಭೆಯು ಮರುಕಳಿಸಿತು. ಯುವರಾಜನೆಂದು ಪಟ್ಟಗಟ್ಟಿದ ಮಗುವನ್ನು ಕಳೆದುಕೊಂಡ ರಾಯನು ತನ್ನ ಹಿರಿಯ ಮಂತ್ರಿ ತಿಮ್ಮರಸನನ್ನೇ ಶಂಕಿಸಿ ಸೆರೆಗೆ ಹಾಕಿದ್ದನು. 1529ರಲ್ಲಿ ರಾಯನು ತೀರಿಕೊಂಡಾಗ, ರಾಯನ ಶಿಶುವನ್ನು ಮುಂದಿಟ್ಟುಕೊಂಡ ಅಳಿಯ ರಾಮರಾಯನ ಪಕ್ಷವೊಂದು, ರಾಯನ ತಮ್ಮ ಅಚ್ಯುತರಾಯನ ಪಕ್ಷವೊಂದು ಎಂದು ರಾಜಧಾನಿಯು ಎರಡಾಗಿ ಸೀಳಿತು. ಅಚ್ಯುತನು ತಿರುಪತಿಯಲ್ಲಿ ಅಭಿಷೇಕವನ್ನು ಮಾಡಿಸಿಕೊಂಡು, ಅವಸರದಿಂದ ರಾಜಧಾನಿಯನ್ನು ಸೇರಿ ಪಟ್ಟವನ್ನು ಉಳಿಸಿಕೊಂಡನು. ಈ ಒಡಕನ್ನು ಕಂಡ ಬಿಜಾಪುರದ ಸುಲ್ತಾನನು ರಾಯಚೂರು, ಮುದಗಲ್ಲು ಕೋಟೆಗಳನ್ನು ಹಿಂದಕ್ಕೆ ಪಡೆದನು. ಆಸ್ಥಾನಿಕರು ಎರಡು ಪಾಳೆಯಗಳಾಗಿ ಹೋದ ಇಂತಹ ದಿನಗಳಲ್ಲಿ, ಎಂಬತ್ತರ ಆಸುಪಾಸಿನ ಶ್ರೀಗಳವರು ಪಾಠಪ್ರವಚನಗಳನ್ನು ನಿಲ್ಲಿಸಲಿಲ್ಲ. 1532ರಲ್ಲಿ ವಿಠ್ಠಲ ದೇವಾಲಯದ ಪ್ರಾಕಾರದಲ್ಲಿ ಅವರು ಯೋಗವರದ ನರಸಿಂಹನನ್ನು ಪ್ರತಿಷ್ಠಾಪಿಸಿದರು. ರಾಜಧಾನಿಯು ಹೆದರಿಕೊಂಡಿದ್ದ ಕಾಲದಲ್ಲಿ ಅಭಯಪ್ರದನಾದ ನರಸಿಂಹನನ್ನೇ ಅವರು ನೆನೆದದ್ದು ಸಹಜವಾಗಿಯೇ ಇದೆ.

ವಿಳಂಬಿ ಸಂವತ್ಸರದ ಫಾಲ್ಗುಣ ಬಹುಳ ಚತುರ್ಥಿಯಂದು, ಅಂದರೆ 1539ರ ಮಾರ್ಚ್ ತಿಂಗಳಲ್ಲಿ, ಶ್ರೀಗಳವರು ವೃಂದಾವನಸ್ಥರಾದರು. ಶ್ರೀಮದಾಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀ ಪದ್ಮನಾಭತೀರ್ಥರು ಮೊದಲೇ ಪಾವನಗೊಳಿಸಿದ್ದ ನಡುಗಡ್ಡೆಯನ್ನೇ ಅವರು ಆರಿಸಿಕೊಂಡರು. ಇಂದು ಅಲ್ಲಿ ಒಂಬತ್ತು ವೃಂದಾವನಗಳಿವೆ. ನಡುವೆ ಶ್ರೀ ವ್ಯಾಸರಾಜರು. ಸುತ್ತಲೂ ಬೇರೆಬೇರೆ ಪರಂಪರೆಗಳಿಗೆ ಸೇರಿದ ಯತಿಗಳು. 1623ರಲ್ಲಿ ಶ್ರೀ ಸುಧೀಂದ್ರತೀರ್ಥರೂ ಅಲ್ಲಿಗೇ ಬಂದು ಸೇರಿದರು. ಬದುಕಿದ್ದಾಗ ನಡೆಸಿದ ಸಭೆಯ ಆಕಾರವೇ ಶಿಲೆಯಲ್ಲಿ ನಿಂತಿದೆಯೋ ಎಂಬಂತೆ ನೋಡುವವರಿಗೆ ಭಾಸವಾಗುತ್ತದೆ.

ಅನಂತರದ ಇತಿಹಾಸವು ಎಲ್ಲರಿಗೂ ಗೊತ್ತು. ಪುರಂದರದಾಸರು 1564ರಲ್ಲಿ ಹರಿಪಾದವನ್ನು ಸೇರಿದರು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧವಾಗಿ ಹಂಪೆಯು ಹಾಳಾಯಿತು. ಅರಮನೆಯ ಸಭೆಗಳು ಪೆನುಗೊಂಡೆಗೆ ಹೋದವು. ದಾಸರ ಸಭೆಗೆ ಹೋಗಬೇಕಾದ ಸ್ಥಳವೇ ಇರಲಿಲ್ಲ, ಅದು ಆಗಲೇ ಹಳ್ಳಿಹಳ್ಳಿಯ ನಡುಮನೆಗಳಲ್ಲಿ ನೆಲೆಸಿತ್ತು. ಇದೇ ತುಂಗಭದ್ರೆಯ ಸೀಮೆಯಲ್ಲಿ ಮುಂದೆ ಹೆಳವನಕಟ್ಟೆಯ ಗಿರಿಯಮ್ಮನವರು ಹಾಡುಗಳನ್ನು ಕಟ್ಟಿದರು. ರಾಯಚೂರು ಸೀಮೆಯಲ್ಲಿ ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ದಾಸಸಾಹಿತ್ಯವನ್ನು ಮತ್ತೆ ಚಿಗುರಿಸಿದರು.

ನದಿಯ ಮೇಲೆ ಎಳೆದ ಗೆರೆಗಳನ್ನೂ ಇಲ್ಲಿ ಹೇಳಬೇಕು. 1800ರಲ್ಲಿ ಬಳ್ಳಾರಿ ಸೀಮೆಯು ಕಂಪನಿ ಸರ್ಕಾರಕ್ಕೆ ಸೇರಿ ಮದರಾಸು ಆಧಿಪತ್ಯದ ಭಾಗವಾಯಿತು. ಹಲವಾಗಲಿನ ಎದುರು ದಡದ ಧಾರವಾಡ ಸೀಮೆಯು ಮುಂದೆ ಮುಂಬಯಿಯ ಪಾಲಾಯಿತು. ಆನೆಗೊಂದಿಯು ನಿಜಾಮನ ರಾಜ್ಯದಲ್ಲಿತ್ತು. ಹೀಗೆ ಹೊಸಪೇಟೆಯ ಕಡೆಯಿಂದ ಆರಾಧನೆಗೆ ಹೊರಟ ನಮ್ಮ ಮುತ್ತಜ್ಜಂದಿರು ಹರಿಗೋಲನ್ನು ಹತ್ತಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗಿ ತೀರ್ಥಪ್ರಸಾದವನ್ನು ಸ್ವೀಕರಿಸಿ ಬರುತ್ತಿದ್ದರು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರಿತು. 1956ರಲ್ಲಿ ಎರಡು ದಡಗಳೂ ಒಂದಾದವು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸದಾದ ವಿಜಯನಗರ ಜಿಲ್ಲೆಗೆ ಸೇರಿತು. ಈ ಜಿಲ್ಲಾವಿಭಜನೆಗಾಗಿ ಎದ್ದ ವಾದವಿವಾದಗಳನ್ನು ಓದುಗರು ಮರೆತಿರಲಾರರು. ಒಂದೇ ಮನೆಯ ಅಣ್ಣತಮ್ಮಂದಿರೂ ಎರಡು ಪಕ್ಷಗಳಾದದ್ದುಂಟು. ಪಂಚಾಂಗವನ್ನು ನೋಡಿ ಚತುರ್ಥಿಯನ್ನು ಗೊತ್ತುಮಾಡಿಕೊಂಡು ಆನೆಗೊಂದಿಗೆ ಹೊರಡುವವರಿಗೆ ಮಾತ್ರ ಯಾವ ಜಿಲ್ಲೆಯಾದರೂ ದಾರಿ ಒಂದೇ.

2019ರ ಜುಲೈ ತಿಂಗಳ ಘಟನೆಯನ್ನು ಬರೆಯುವಾಗ ಕೈ ನಡುಗುತ್ತದೆ. ನಿಧಿಯ ಆಸೆಯಿಂದ ದುಷ್ಟರು ರಾತ್ರಿಯ ವೇಳೆ ನಡುಗಡ್ಡೆಗೆ ಹೋಗಿ ಶ್ರೀ ವ್ಯಾಸರಾಜರ ವೃಂದಾವನವನ್ನು ಕೆಡವಿ ಅಗೆದುಹಾಕಿದರು. ರತ್ನಾಭಿಷೇಕದ ರತ್ನಗಳನ್ನೇ ಹಂಚಿಬಿಟ್ಟವರ ಸನ್ನಿಧಿಯಲ್ಲಿ ನಿಧಿಯನ್ನು ಹುಡುಕಿದರು! ಅದೇ ವಾರದಲ್ಲಿ ಬೆಂಗಳೂರಿನ ವಿಧಾನಸಭೆಯಲ್ಲಿ ವಿಶ್ವಾಸಮತದ ಚರ್ಚೆ ನಡೆಯುತ್ತಿತ್ತು. ಸರ್ಕಾರವು ಉಳಿಯುವುದೋ ಬೀಳುವುದೋ ಎಂದು ನಾಡೆಲ್ಲ ಎರಡಾಗಿತ್ತು, ಜುಲೈ 23ರಂದು ಸರ್ಕಾರವು ಬಿದ್ದಿತು. ನವವೃಂದಾವನದ ಪೂಜಾಧಿಕಾರದ ವಿಷಯವಾಗಿ ಮಠಗಳ ನಡುವೆಯೇ ನ್ಯಾಯಾಲಯದ ವ್ಯಾಜ್ಯಗಳು ನಡೆದದ್ದನ್ನೂ ಮುಚ್ಚಿಡಬೇಕಾಗಿಲ್ಲ. ಆದರೆ ವೃಂದಾವನವು ಭಗ್ನವಾದ ವಾರ್ತೆ ಕಿವಿಗೆ ಬಿದ್ದೊಡನೆ ಬೇರೆಬೇರೆ ಮಠಗಳ ಪೀಠಾಧಿಪತಿಗಳೂ ಶಿಷ್ಯರೂ ಮಳೆಗಾಲದ ಹೊಳೆಯನ್ನು ದಾಟಿ ಬಂದರು. ಯಾರ ಮಠದವರು ಯಾರು ಎಂದು ಕೇಳಲು ಪುರುಸೊತ್ತಿರಲಿಲ್ಲ. ಕಲ್ಲು ಹೊರುವವರು ಕಲ್ಲು ಹೊತ್ತರು, ಮಂತ್ರ ಬಲ್ಲವರು ಮಂತ್ರ ಹೇಳಿದರು, ಮಿಕ್ಕವರು ಭಜನೆಗೆ ಕುಳಿತರು. ಎರಡು ದಿನಗಳೊಳಗೆ ವೃಂದಾವನವು ಮೊದಲಿದ್ದ ಸ್ಥಳದಲ್ಲಿಯೇ ಪುನಃಪ್ರತಿಷ್ಠಿತವಾಯಿತು.

ಈಗ ಆನೆಗೊಂದಿಯ ದಡದಿಂದ ದೋಣಿಗಳು ನಡೆಯುತ್ತವೆ. ಜಲಾಶಯದಿಂದ ಹೆಚ್ಚಿನ ನೀರನ್ನು ಬಿಟ್ಟಾಗ ಗಡ್ಡೆಗೆ ಹೋಗುವುದು ಸಾಧ್ಯವಾಗುವುದಿಲ್ಲ. ಫಾಲ್ಗುಣ ಮಾಸದಲ್ಲಿ ಹೊಳೆಯು ಇಳಿದಿರುತ್ತದೆ, ಬಿಸಿಲು ಮಾತ್ರ ಹೆಚ್ಚು. ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆಗಳ ಮೂರೂ ದಿನ ಬೆಳಗಿನ ಹೊತ್ತಿಗೇ ಹೊಳೆಯನ್ನು ದಾಟಿ, ಸ್ನಾನವನ್ನು ಮುಗಿಸಿ, ಒಂಬತ್ತು ವೃಂದಾವನಗಳಿಗೂ ಪ್ರದಕ್ಷಿಣೆ ಬಂದವರು ನಡುವಿನ ವೃಂದಾವನದ ಮುಂದೆ ತಂಬೂರಿಯನ್ನು ಶ್ರುತಿಮಾಡಿಕೊಂಡು ಹಾಡಿಗೆ ಕುಳಿತುಕೊಳ್ಳುತ್ತಾರೆ.